ಐದರ ಪಕ್ಕದ ಸೊನ್ನೆ

“ಮೂಗು ಮುಚ್ಕೋಬೇಡಿ ದೊಡ್ಡಮ್ಮ. ಸ್ವಲ್ಪ ಹೊತ್ತಿಗೆ ಅಭ್ಯಾಸ ಆಗುತ್ತೆ,” ಎಂದ ಗಡ್ಡ. ಅವನನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು.

ದೊಡ್ಡಮ್ಮ ಕರವಸ್ತ್ರ ತೆಗೆಯಲಿಲ್ಲ. ಅಭ್ಯಾಸವಾಗುವುದೇ ಅವಳಿಗೆ ಬೇಡವಾಗಿತ್ತು. ಪೊಲೀಸ್ ಕೆಲಸದಲ್ಲಿದ್ದಾಗ ಶವಾಗಾರದ ವಾಸನೆಗೆ ಒಗ್ಗಿಕೊಂಡವರನ್ನು ನೋಡಿದ್ದಳು. ವಾಸನೆಗೆ ಒಗ್ಗಿದವರು ನಿಧಾನವಾಗಿ ಬೇರೆ ಎಷ್ಟಕ್ಕೋ ಒಗ್ಗಿಕೊಳ್ಳುತ್ತಾರೆ.

ಕಿಟಕಿಯನ್ನು ರಟ್ಟಿನಿಂದ ಮುಚ್ಚಿದ ಕೋಣೆ. ಗೋಡೆಗೆ ಒತ್ತಿ ನಿಂತ ಕಬ್ಬಿಣದ ಶೆಲ್ಫುಗಳ ತುಂಬ ಹಳೆಯ ಫೋನು, ಲ್ಯಾಪ್‌ಟಾಪು, ಟಿ.ವಿ. ಡಬ್ಬಿ, ಯಾವುದೋ ಕಾರಿನಿಂದ ಕಿತ್ತು ತಂದ ಪರದೆ. ಕೆಲವು ಫೋನುಗಳ ಬ್ಯಾಟರಿ ಸತ್ತ ಮೀನಿನ ಹೊಟ್ಟೆಯ ಹಾಗೆ ಉಬ್ಬಿಕೊಂಡು ಬೆನ್ನಿನ ಮುಚ್ಚಳವನ್ನೇ ಎತ್ತಿತ್ತು. ಅದರ ಸಿಹಿ ನಾತ, ಬಿಸಿಯಾದ ಪ್ಲಾಸ್ಟಿಕ್ಕಿನ ನಾತ, ಮೇಜಿನ ಕೆಳಗಿನ ಲೋಟಗಳಲ್ಲಿ ಬೂಷ್ಟು ಕಟ್ಟಿದ ಕಾಫಿಯ ನಾತ ಎಲ್ಲ ಬೆರೆತು ಗಂಟಲಿಗೆ ಅಂಟುತ್ತಿದ್ದವು.

ಅಷ್ಟೂ ಪರದೆಗಳ ಮೇಲೆ ಒಂದೇ ಚಿತ್ರ. ಒಂದು ಕೆಂಪು ವೃತ್ತ, ಅದನ್ನು ಓರೆಯಾಗಿ ಸೀಳಿದ ಒಂದು ನೀಲಿ ಗೆರೆ.

“ಇದೇನಾ ನಿಮ್ಮ ‘ಗೆರೆ’?”

“ಇದೇ,” ಎಂದ ಗಡ್ಡ. ನಿದ್ದೆಗೆಟ್ಟ ಕಣ್ಣು, ಎದೆಯವರೆಗೆ ಇಳಿದ ಗಡ್ಡ, ಗಡ್ಡದಲ್ಲಿ ಬಿಸ್ಕತ್ತಿನ ಪುಡಿ. ಆದರೂ ಆ ಪದ ಹೇಳುವಾಗ ಅವನ ಮುಖದಲ್ಲಿ ಮಗುವಿನ ಹೆಸರು ಹೇಳುವ ತಂದೆಯ ಕಳೆ ಬಂತು. “ಒಂದೊಂದು ಯಂತ್ರಕ್ಕೂ ಒಂದೊಂದು ಭಾಷೆ. ಒಂದು ಪರದೆಯನ್ನ ಮೇಲಿಂದ ಎಣಿಸಬೇಕು, ಇನ್ನೊಂದನ್ನ ಕೆಳಗಿಂದ. ಒಂದು ಕೆಂಪನ್ನ ಮೊದಲು ಕೇಳುತ್ತೆ, ಇನ್ನೊಂದು ನೀಲೀನ. ಗೆರೆ ಮಧ್ಯ ನಿಂತ ದುಭಾಷಿ. ಪ್ರೋಗ್ರಾಮ್ ಬರೆಯೋನು ‘ಇಲ್ಲೊಂದು ವೃತ್ತ ಹಾಕು’ ಅಂತ ಒಂದೇ ಸಲ ಹೇಳಿದ್ರೆ ಸಾಕು, ಯಾವ ಯಂತ್ರದ ಮೇಲಾದ್ರೂ ಅದೇ ವೃತ್ತ ಬರುತ್ತೆ.”

“ಪುಕ್ಕಟೆ?”

“ಪುಕ್ಕಟೆ. ಯಾರು ಬೇಕಾದ್ರೂ ತಗೋಬಹುದು. ತಗೊಂಡು ಬೈಬಹುದು ಕೂಡ.” ಅವನು ತನ್ನ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ. ದೂರುಗಳ ಪುಟ. ಮುಖ ಕಾಣದ ಜನ ಎಲ್ಲೆಲ್ಲಿಂದಲೋ ಉಗಿದಿದ್ದರು. ಸೋಮಾರಿ ಎಂದವನೊಬ್ಬ, ಸತ್ತಿದ್ದೀಯಾ ಎಂದು ಕೇಳಿದವನೊಬ್ಬ. ಓದಲಾಗದ ಮಾತುಗಳು ಇನ್ನೂ ಇದ್ದವು. “ಹೆರೋದು ಒಂದು ದಿನ, ಸಾಕೋದು ಜೀವಮಾನ ಅಂತಾರಲ್ಲ. ಯಾವನೋ ತನ್ನ ಫೋನಲ್ಲಿ ಏನೋ ಬದಲಾಯಿಸ್ತಾನೆ, ನನ್ನ ಗೆರೆ ಅಲ್ಲಿ ಮುರಿಯುತ್ತೆ. ಅದನ್ನ ಸರಿ ಮಾಡಿದ್ರೆ ಇನ್ನೊಂದರಲ್ಲಿ ಮುರಿಯುತ್ತೆ.”

ದೊಡ್ಡಮ್ಮನಿಗೆ ಕನಿಕರ ಬಂತು. ಆದರೆ ಕನಿಕರಪಡಲು ಅವಳು ಬಂದಿರಲಿಲ್ಲ. ಆಸ್ಪತ್ರೆಯೊಂದರಲ್ಲಿ ಔಷಧಿ ಹರಿಸುವ ಪಂಪು ಐದರ ಬದಲು ಐವತ್ತರ ವೇಗದಲ್ಲಿ ಓಡಿ ನಿವೃತ್ತ ಗಣಿತದ ಟೀಚರೊಬ್ಬರ ಪ್ರಾಣ ತೆಗೆದಿತ್ತು. ಪಂಪಿನ ನೆನಪಿನಲ್ಲಿ ಐವತ್ತು, ನರ್ಸಿನ ಬಾಯಲ್ಲಿ ಐದು, ಹಾಗಾಗಿ ನರ್ಸು ಲಾಕಪ್ಪಿನಲ್ಲಿದ್ದಳು.

ದೊಡ್ಡಮ್ಮನನ್ನು ಈ ಕೇಸಿಗೆ ಎಳೆದವಳು ಆ ನರ್ಸಿನ ಅತ್ತೆ. “ನನ್ನ ಸೊಸೆ ಪಾತ್ರೆ ಒಡೀತಾಳೆ, ಮಾತಿಗೆ ಮಾತು ಕೊಡ್ತಾಳೆ. ಆದ್ರೆ ಅಂಕಿ ತಪ್ಪೋಳಲ್ಲ. ಪರದೇಲಿ ಐದೇ ಇತ್ತು ಅಂದ್ರೆ ಐದೇ ಇತ್ತು,” ಎಂದಿದ್ದಳು. ಸೊಸೆಯನ್ನು ಅತ್ತೆ ಇಷ್ಟು ಗಟ್ಟಿಯಾಗಿ ವಹಿಸಿಕೊಂಡದ್ದನ್ನು ದೊಡ್ಡಮ್ಮ ತನ್ನ ಇಡೀ ನೌಕರಿಯಲ್ಲಿ ಕಂಡಿರಲಿಲ್ಲ. ಅದಕ್ಕೇ ಒಪ್ಪಿಕೊಂಡಿದ್ದಳು. ಪಂಪಿನ ಕೈಪಿಡಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗಿದ್ದ ‘ಗೆರೆ’ ಎಂಬ ಹೆಸರು ಅವಳನ್ನು ಈ ಕೋಣೆಗೆ ಕರೆತಂದಿತ್ತು.

“ಆ ಪಂಪು ನಿಮ್ಮ ಹತ್ರ ಇದೆಯಾ?”

“ಇದೆ. ಕಂಪನಿಯವರೇ ಕೊಟ್ಟಿದ್ದು, ಪರೀಕ್ಷೆಗೆ ಅಂತ.”

ಕೆಳಗಿನ ಶೆಲ್ಫಿನಲ್ಲಿತ್ತು. ಟಿಫಿನ್ ಡಬ್ಬಿಯಷ್ಟು ದೊಡ್ಡದು, ಬೂದು ಬಣ್ಣದ್ದು. ಅಂಗೈಯಗಲದ ಪರದೆ. ಅದರ ಎದುರಿಗೆ ಒಂದು ಕ್ಯಾಮೆರಾವನ್ನು ತಿರುಪು ಹಾಕಿ ಕೂರಿಸಿದ್ದರು.

“ಒತ್ತಿ. ಮೊದಲು ಐದು.”

ಗಡ್ಡ ಒತ್ತಿದ. ಪರದೆಯ ಮೇಲೆ 5 ಬಂತು.

“ಈಗ ಸೊನ್ನೆ.”

ಒತ್ತಿದ. ಪಂಪು ‘ಟಿಕ್’ ಎಂದು ಸದ್ದು ಮಾಡಿ ಒಪ್ಪಿಕೊಂಡಿತು. ಪರದೆಯ ಮೇಲೆ 5 ಹಾಗೇ ಇತ್ತು.

“ಸೊನ್ನೆ ಎಲ್ಲಿ?”

ಗಡ್ಡ ಅಳಿಸಿ ಮತ್ತೆ ಒತ್ತಿದ. ಮತ್ತೆ 5. ಪಂಪಿನ ಹೊಟ್ಟೆಯೊಳಗೆ ಮೋಟಾರು ಐವತ್ತರ ವೇಗದಲ್ಲಿ ಗುರ್ ಎಂದು ತಿರುಗತೊಡಗಿತು. ಪರದೆ ಏನೂ ಅರಿಯದ ಕೂಸಿನ ಹಾಗೆ ಐದನ್ನೇ ತೋರಿಸುತ್ತಿತ್ತು.

ಗಡ್ಡ ಪಂಪನ್ನು ನಿಲ್ಲಿಸಿದ. “ಚಿಕ್ಕ ಪರದೆಗಳಲ್ಲಿ ಪ್ರತಿ ಸಲ ಇಡೀ ಚಿತ್ರ ಬಿಡಿಸೋಲ್ಲ ದೊಡ್ಡಮ್ಮ. ಎಲ್ಲಿ ಬದಲಾಯ್ತೋ ಅಷ್ಟೇ ಜಾಗ ಅಳೆದು ಅಲ್ಲಿ ಮಾತ್ರ ಬಿಡಿಸ್ತೀವಿ. ಆ ಅಳತೆ... ಒಂದು ಅಂಕಿಯಷ್ಟು ಕಮ್ಮಿ ಬಿದ್ದಿದೆ. ಸೊನ್ನೆ ಆಚೆ ಉಳ್ಕೊಂಡಿದೆ.”

“ಅಂದ್ರೆ ನರ್ಸು ಹೇಳಿದ್ದು ನಿಜ.”

“ಆದ್ರೆ ಇದು ಹೇಗಾಗುತ್ತೆ? ಗೆರೆ ಒಳಗೆ ಒಂದು ಅಕ್ಷರ ಬದಲಾದ್ರೂ ಇಲ್ಲಿರೋ ಎಲ್ಲಾ ಯಂತ್ರಗಳೂ ಪರೀಕ್ಷೆ ಬರೀತವೆ. ಪ್ರತಿಯೊಂದಕ್ಕೂ ಒಂದು ಮಾದರಿ ಚಿತ್ರ ಇದೆ. ಯಂತ್ರ ಬಿಡಿಸಿದ್ದನ್ನ ಮಾದರಿ ಜೊತೆ ಹೋಲಿಸಿ ನೋಡೋದು. ಬೆಳಕು, ಅಂಚು ಲೆಕ್ಕಕ್ಕಿಲ್ಲ, ಆದ್ರೆ ಪರದೆ ಮೇಲಿನ ಅಂಕಿ, ಆಕಾರದಲ್ಲಿ ಚೂರು ವ್ಯತ್ಯಾಸ ಬಂದ್ರೂ ಕೆಂಪು ದೀಪ. ಕೆಂಪಿದ್ರೆ ಬಿಡುಗಡೆ ಇಲ್ಲ. ಇದೇ ಪರೀಕ್ಷೆ ಪಂಪಿಗೂ ಇದೆ: ಐದು ಒತ್ತು, ಸೊನ್ನೆ ಒತ್ತು, ಫೋಟೋ ತೆಗಿ.”

“ನಡೆಸಿ ಪರೀಕ್ಷೆ.”

ಕ್ಯಾಮೆರಾ ಕಣ್ಣು ಮಿಟುಕಿಸಿತು. ಹಸಿರು ದೀಪ ಬಂತು.

ಗಡ್ಡ ಹಸಿರನ್ನೇ ನೋಡುತ್ತ ಕುಳಿತ. ಆಮೇಲೆ ಮಾದರಿ ಚಿತ್ರವನ್ನು ತೆರೆದ. ಐವತ್ತು ಇರಬೇಕಾದ ಮಾದರಿಯಲ್ಲಿ ಐದು ಮಾತ್ರ ಇತ್ತು.

“ಯಾರೋ... ಮಾದರೀನೇ ಬದಲಾಯಿಸಿದಾರೆ,” ಎಂದ.

ಮಕ್ಕಳು ಪರೀಕ್ಷೆಯಲ್ಲಿ ನಕಲು ಹೊಡೆಯುತ್ತಾರೆ, ಅದು ತಪ್ಪು, ಆದರೆ ಅರ್ಥವಾಗುವ ತಪ್ಪು. ಇಲ್ಲಿ ಯಾರೋ ಮೇಷ್ಟರ ಕೈಯಲ್ಲಿದ್ದ ಸರಿಯುತ್ತರವನ್ನೇ ತಿದ್ದಿಟ್ಟಿದ್ದರು. ಇನ್ನು ಮೇಲೆ ಸರಿ ಬರೆದವನೇ ಫೇಲು.

“ಯಾರ ಹೆಸರಲ್ಲಿ ಬದಲಾಗಿದೆ?”

ಗಡ್ಡ ನೋಡಿದ. “ನನ್ನ ಹೆಸರಲ್ಲಿ.”

“ನೀವು ಮಾಡಿದ್ರಾ?”

“ಇಲ್ಲ! ಸಹಿ ಹಾಕೋಕೆ ಒಂದು ಪುಟ್ಟ ಕೀಲಿಕಡ್ಡಿ ಇದೆ, ಕಂಪ್ಯೂಟರಿಗೆ ಚುಚ್ಚೋದು. ಅದು ಅಡುಗೆಮನೆ ಮೊಳೆಗೆ ನೇತುಬಿದ್ದಿರುತ್ತೆ, ಮನೆ ಬೀಗದ ಕೈ ಪಕ್ಕ. ಗುಟ್ಟಿನ ಪದ... ಅದೂ ಮನೇಲಿ ಎಲ್ಲರಿಗೂ ಗೊತ್ತು.”

“ಕೋಟೆ ಕಟ್ಟಿ ದಿಡ್ಡಿಬಾಗಿಲು ತೆರೆದಿಟ್ರಿ.”

ಗಡ್ಡ ತಲೆ ತಗ್ಗಿಸಿದ. ದೊಡ್ಡಮ್ಮ ಆ ಮಾದರಿ ಚಿತ್ರದ ಮೇಲೆ ಬಾಗಿದಳು. ಇದು ಇಲ್ಲಿಯ ಕ್ಯಾಮೆರಾ ತೆಗೆದ ಫೋಟೋ ಅಲ್ಲ ಎನ್ನುವುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಬೆಳಕು ಎಡದಿಂದ ಬಿದ್ದಿತ್ತು. ಈ ಕೋಣೆಗೆ ಎಡಕ್ಕೆ ಗೋಡೆಯಷ್ಟೇ ಇದ್ದದ್ದು. ಯಾರೋ ಪಂಪನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ಫೋನಿನಿಂದ ತೆಗೆದದ್ದು.

“ದೊಡ್ಡದು ಮಾಡಿ. ಕೆಳಗಿನ ಮೂಲೆ.”

ಮೂಲೆಯಲ್ಲಿ ಒಂದು ಹೆಬ್ಬೆರಳಿನ ತುದಿ ಸಿಕ್ಕಿಬಿದ್ದಿತ್ತು. ಉಗುರೇ ಇಲ್ಲವೆನ್ನುವಷ್ಟು ಕಚ್ಚಿ ಕಚ್ಚಿ ತಿಂದ ಹೆಬ್ಬೆರಳು. ಸುತ್ತಲ ಚರ್ಮ ಕಿತ್ತು, ಕೆಂಪಗೆ ಹಸಿಮಾಂಸ ಕಾಣುತ್ತಿತ್ತು. ಪರದೆಯ ಗಾತ್ರಕ್ಕೆ ಹಿಗ್ಗಿಸಿದಾಗ ಅದು ಬೆರಳಿನ ಹಾಗೆ ಕಾಣದೆ, ಇಲಿ ಮೆದ್ದ ಯಾವುದೋ ಪದಾರ್ಥದ ಹಾಗೆ ಕಂಡಿತು.

“ಇದು ಯಾರ ಬೆರಳು?”

ಗಡ್ಡನಿಗೆ ಗೊತ್ತಿತ್ತು. ಚಿತ್ರವನ್ನು ಮತ್ತೆ ಚಿಕ್ಕದು ಮಾಡಿದ.

“ನನ್ನ ತಂಗಿ ಗಂಡಂದು,” ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಗಡ್ಡನ ಹೆಂಡತಿ. ಕೈಯಲ್ಲಿ ಕಾಫಿ ತಟ್ಟೆ ಹಿಡಿದು ಯಾವಾಗ ಬಂದು ನಿಂತಿದ್ದಳೋ. ತುಂಬು ತೋಳಿನ ಅಂಗಿ, ನರೆತ ಕೂದಲು, ದಣಿದರೂ ಶುಭ್ರವಾದ ಮುಖ. “ಪಂಪ್ ಕಂಪನೀಲೇ ಇರೋದು. ಆ ಪರದೆ ಕೆಲಸವೆಲ್ಲಾ ಅವನದೇ. ರಜೆ ದಿನ ಇಲ್ಲಿಗೆ ಊಟಕ್ಕೆ ಬರ್ತಾನೆ. ತಟ್ಟೆ ಮುಂದೆ ಕೂತೂ ಉಗುರು ತಿಂತಾನೆ, ನೋಡೋಕಾಗಲ್ಲ.”

“ಸುಮ್ನಿರು,” ಎಂದ ಗಡ್ಡ.

“ಯಾಕೆ ಸುಮ್ನಿರ್ಲಿ? ಯಾರೋ ಹೆತ್ತ ಮಗಳು ಲಾಕಪ್ಪಲ್ಲಿ ಕೂತಿದಾಳೆ.” ದೊಡ್ಡಮ್ಮನ ಕಡೆ ತಿರುಗಿ, “ಆ ಹುಡುಗಿ ಊಟ ಮಾಡ್ತಾ ಇದಾಳಾ?” ಎಂದು ಕೇಳಿದಳು.

ಈ ಕೇಸು ಹಿಡಿದ ಮೇಲೆ ನರ್ಸಿನ ಊಟದ ಬಗ್ಗೆ ಕೇಳಿದವರು ಇವರೊಬ್ಬರೇ. ಆ ನಾತದ ಮನೆಯಲ್ಲಿ ಒಂದು ಮನುಷ್ಯಜೀವಿಯಾದರೂ ಇದೆಯಲ್ಲ ಎನಿಸಿತು ದೊಡ್ಡಮ್ಮನಿಗೆ. ಮಾದರಿ ಚಿತ್ರವನ್ನು ಕಾಗದದ ಮೇಲೆ ಅಚ್ಚು ತೆಗೆಸಿಕೊಂಡು ಹೊರಟಳು.

ಬೀದಿಗೆ ಬಂದು ಮೊದಲು ಮಾಡಿದ ಕೆಲಸ ಎಂದರೆ ಬಾಯಿ ತೆರೆದು ಗಾಳಿ ಕುಡಿದದ್ದು.

*

ಪಂಪ್ ಕಂಪನಿಯ ಕಟ್ಟಡದಲ್ಲಿ ನಾತ ಇರಲಿಲ್ಲ. ಅಲ್ಲಿ ಸುವಾಸನೆ ಇತ್ತು, ಅದು ಇನ್ನೂ ಕೆಟ್ಟದಾಗಿತ್ತು. ಗೋಡೆಯ ಮೂಲೆಯಲ್ಲಿದ್ದ ಯಂತ್ರವೊಂದು ಆಗಾಗ ಬುಸ್ ಎಂದು ನಿಂಬೆಯ ಪರಿಮಳ ಉಗುಳುತ್ತಿತ್ತು. ಪ್ಲಾಸ್ಟಿಕ್ ಗಿಡಗಳ ಎಲೆ ಒರೆಸಿ ಹೊಳೆಯಿಸಿದ್ದರು. ಗಾಜಿನ ಬಾಗಿಲ ಮೇಲೆ ದೊಡ್ಡಕ್ಷರದಲ್ಲಿ ‘ಪ್ರತಿ ಹನಿಯೂ ಒಂದು ಜೀವ’.

ಗಡ್ಡನ ಷಡ್ಡಕ ಎದ್ದುಬಂದು ಕೈಮುಗಿದ. ತೆಳ್ಳಗಿನ ಮೈ, ಇಸ್ತ್ರಿ ಮುರಿಯದ ಅಂಗಿ, ಸದಾ ನಗುವ ಬಾಯಿ.

“ಬನ್ನಿ, ಬನ್ನಿ. ಅತ್ತಿಗೆ ಫೋನ್ ಮಾಡಿದ್ರು, ದೊಡ್ಡಮ್ಮ ಬರ್ತಾರೆ ಅಂತ. ಕೂತ್ಕೊಳ್ಳಿ.”

ಹೆಂಡತಿಯ ಅಕ್ಕನನ್ನು ಅತ್ತಿಗೆ, ಗಡ್ಡನನ್ನು ಅಣ್ಣ ಎನ್ನುತ್ತಿದ್ದ. ಅತ್ತಿಗೆ ಮುಂದಾಗಿ ಫೋನ್ ಮಾಡಿದ್ದು ದೊಡ್ಡಮ್ಮನಿಗೆ ಚೂರು ಚುಚ್ಚಿತು. ತಂಗಿಯ ಸಂಸಾರದ ಭಯ ಇರಬೇಕು ಎಂದು ಸಮಾಧಾನ ಮಾಡಿಕೊಂಡು, “ನಿಮ್ಮ ಹೆಬ್ಬೆರಳು ತೋರಿಸಿ,” ಎಂದಳು.

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ತಾನಾಗಿ ಮೇಜಿನ ಕೆಳಗೆ ಸರಿಯಿತು. ಆಮೇಲೆ ನಕ್ಕು ಹೊರಗೆ ತೆಗೆದು ಇಟ್ಟ. ದೊಡ್ಡಮ್ಮ ಅದರ ಪಕ್ಕಕ್ಕೆ ಅಚ್ಚು ತೆಗೆದ ಚಿತ್ರವನ್ನಿಟ್ಟಳು.

“ಫೋಟೋ ಚೆನ್ನಾಗಿ ಬಂದಿಲ್ಲ,” ಎಂದ ಷಡ್ಡಕ.

“ಒಪ್ಕೋತೀರಾ?”

“ಒಪ್ಕೊಳ್ಳೋಕೆ ಏನಿದೆ? ಪರೀಕ್ಷೆ ಕೆಂಪು ಬರ್ತಿತ್ತು. ನಮ್ಮ ಪಂಪು ಬಿಡುಗಡೆ ಆಗ್ಬೇಕು. ಅಣ್ಣನಿಗೆ ಹೇಳಿದೆ, ಆ ಚಿಕ್ಕ ಪರದೆ ಅಳತೆ ಸ್ವಲ್ಪ ನೋಡಿ ಅಂತ. ಅವರಿಗೆ ನಮ್ಮೊಬ್ಬರದೇ ಕೆಲಸಾನಾ? ‘ಸರದೀಲಿದೆ, ಕಾಯ್ತಿರು’ ಅಂದ್ರು. ಕಂಪನಿ ಕಾಯುತ್ತಾ?” ತೋರುಬೆರಳನ್ನು ಹಲ್ಲಿನ ನಡುವೆ ಇಟ್ಟು ಕಟ್ ಎಂದು ಕಚ್ಚಿದ. “ಕೆಂಪನ್ನ ಹಸಿರು ಮಾಡೋಕೆ ಎರಡು ದಾರಿ ದೊಡ್ಡಮ್ಮ. ಚಿತ್ರ ಸರಿ ಮಾಡೋದು ಒಂದು. ಮಾದರಿ ಬದಲಾಯಿಸೋದು ಇನ್ನೊಂದು. ಸುಲಭದ್ದು ಹಿಡಿದೆ.”

“ಸೊನ್ನೆ ಕಾಣ್ದೇ ಇದ್ರೆ ಜನ ಸಾಯ್ತಾರೆ ಅಂತ ಗೊತ್ತಿತ್ತಾ?”

“ಎರಡಂಕಿ ವೇಗ ಹಾಕೋದೇ ಅಪರೂಪ. ಆಮೇಲೆ ಸರಿ ಮಾಡೋಣ ಅಂದ್ಕೊಂಡೆ. ಆಮೇಲೆ... ನಿಮಗೇ ಗೊತ್ತಲ್ಲ, ಕೆಲಸ.” ನಾಲಿಗೆಯ ತುದಿಯಿಂದ ಉಗುರಿನ ಚೂರನ್ನು ತೆಗೆದು, ಮೇಜಿನ ಮೇಲೆ ಹರಡಿದ್ದ ಪೇಪರ್ ನ್ಯಾಪ್ಕಿನ್ನಿನ ಮೇಲೆ ಇಟ್ಟ. ಅಲ್ಲಿ ಆಗಲೇ ಅಂಥ ಚೂರುಗಳ ಒಂದು ಸಣ್ಣ ಗುಡ್ಡೆ ಇತ್ತು. ಅದರ ಪಕ್ಕದಲ್ಲೇ ಅವನ ಬಿಸ್ಕತ್ತಿನ ತಟ್ಟೆ. “ತಗೊಳ್ಳಿ, ಬಿಸ್ಕತ್ತು.”

ದೊಡ್ಡಮ್ಮ ತಟ್ಟೆಯನ್ನು ಅವನ ಕಡೆಗೇ ತಳ್ಳಿದಳು. ಕೊಲೆಗಾರರ ಜೊತೆ ಕೂತು ಚಹಾ ಕುಡಿದಿದ್ದಳು. ಅವರಲ್ಲಿ ಕೆಲವರು ಅತ್ತಿದ್ದರು, ಕೆಲವರು ಕೂಗಾಡಿದ್ದರು. ಹೀಗೆ ಬಿಸ್ಕತ್ತು ಮುಂದೊಡ್ಡಿದವರು ಯಾರೂ ಇರಲಿಲ್ಲ.

“ಈಗಲೂ ಎಷ್ಟು ಪಂಪುಗಳಲ್ಲಿ ಹೀಗೇ ಇದೆ?”

“ಎಲ್ಲಾದ್ರಲ್ಲೂ.”

“ಎಲ್ಲಾ ಅಂದ್ರೆ?”

“ಮಾರಿದ್ದೆಲ್ಲಾ.”

“ಒಬ್ಬರು ಸತ್ತ ಮೇಲೂ ನಿಲ್ಲಿಸಿಲ್ಲ?”

“ನಿಲ್ಲಿಸಿದ್ರೆ ತಪ್ಪು ಒಪ್ಕೊಂಡ ಹಾಗಾಗುತ್ತೆ ಅಂದ್ರು ನಮ್ಮ ವಕೀಲರು.” ಅವನು ಭುಜ ಕುಣಿಸಿದ. “ನರ್ಸು ತಪ್ಪು ಒತ್ತಿದ್ಲು ಅಂತ ಪೊಲೀಸರೇ ಬರೆದಿದಾರೆ. ಮುಗೀತಲ್ಲ.”

“ಥೂ!” ಎಂದಳು ದೊಡ್ಡಮ್ಮ.

ಅದು ಬೇಕೆಂದು ಆಡಿದ ಮಾತಲ್ಲ. ಕೆಮ್ಮಿನ ಹಾಗೆ ತಾನಾಗಿ ಬಂತು. ತನ್ನ ಗಡ್ಡ ಸುಟ್ಟುಹೋಗುತ್ತಿದೆ ಎಂದು ಒಬ್ಬ ಅಳುತ್ತಿದ್ದರೆ ಬೀಡಿಗೆ ಬೆಂಕಿ ಕೇಳಿದವನ ಕಥೆಯನ್ನು ಅವಳು ಚಿಕ್ಕಂದಿನಲ್ಲಿ ಕೇಳಿ ನಕ್ಕಿದ್ದಳು. ಆ ಬೀಡಿಯವನು ಇಸ್ತ್ರಿ ಅಂಗಿ ತೊಟ್ಟು ಎದುರು ಕೂತಿದ್ದ, ನಗು ಬರಲಿಲ್ಲ.

ಎದ್ದು ನಿಂತಳು. “ಈ ಚಿತ್ರ ಇವತ್ತೇ ಪೊಲೀಸರ ಕೈಗೆ ಹೋಗುತ್ತೆ. ನರ್ಸು ಹೊರಗೆ ಬರ್ತಾಳೆ. ನೀವು ಒಳಗೆ ಹೋಗ್ತೀರಿ.”

“ಯಾವ ಹೆಸರಲ್ಲಿ?” ಷಡ್ಡಕನ ನಗು ಹಾಗೇ ಇತ್ತು. “ಸಹಿ ಅಣ್ಣನದು. ಒಂದು ಬೆರಳಿನ ಫೋಟೋ ತಗೊಂಡು ಯಾರನ್ನ ಹಿಡೀತಾರೆ? ಹಿಡಿದ್ರೂ, ಮಾದರಿ ಬದಲಾಯಿಸಿದ್ದು ಅಜಾಗರೂಕತೆ. ಕೊಲೆ ಅಲ್ಲ.” ಒಂದು ಗಳಿಗೆ ತಡೆದ. “ಕೊಲೆ ಬೇರೆ.”

ದೊಡ್ಡಮ್ಮನ ಕೈ ಬಾಗಿಲ ಹಿಡಿಯ ಮೇಲೇ ನಿಂತಿತು.

“ಏನಂದ್ರಿ?”

“ಸೊನ್ನೆ ಕಾಣಿಸ್ಲಿಲ್ಲ, ಸರಿ. ಅದು ನನ್ನ ತಪ್ಪು ಅಂತಾನೇ ಇಟ್ಕೊಳ್ಳಿ.” ಮೊದಲ ಸಲ ಅವನು ಕೈಯನ್ನು ಬಾಯಿಂದ ತೆಗೆದ. “ಆದ್ರೆ ಸೊನ್ನೆ ಒತ್ತಿದ್ದು ಯಾರು?”

ಗಾಜಿನ ಕೋಣೆಯಲ್ಲಿ ನಿಂಬೆಯ ಯಂತ್ರ ಬುಸ್ ಎಂದಿತು.

ನರ್ಸು ಐದನ್ನು ಮಾತ್ರ ಒತ್ತಿದೆ ಎಂದಿದ್ದಳು. ಅವಳ ಮಾತು ನಿಜ ಎಂದ ಮೇಲೆ ಪೂರ್ತಿ ನಿಜ. ಪರದೆಯ ದೋಷ ಸೊನ್ನೆಯನ್ನು ಮುಚ್ಚಿಟ್ಟಿತೇ ಹೊರತು ಹುಟ್ಟಿಸಿರಲಿಲ್ಲ. ನರ್ಸು ಅತ್ತ ಹೋದ ಮೇಲೆ ಇನ್ನೊಂದು ಬೆರಳು ಆ ಪಂಪಿನ ಮೇಲೆ ಬಿದ್ದಿತ್ತು. ಒತ್ತಿದರೂ ಯಾರಿಗೂ ಕಾಣುವುದಿಲ್ಲ ಎಂದು ತಿಳಿದ ಬೆರಳು.

“ಅದು ತಿಳಿದಿದ್ದವರು ನೀವು,” ಎಂದಳು.

“ನಾನು ಅವತ್ತು ಬೇರೆ ಊರಲ್ಲಿ, ಐನೂರು ಜನರೆದುರು ವೇದಿಕೆ ಮೇಲೆ ಭಾಷಣ ಮಾಡ್ತಿದ್ದೆ. ವಿಡಿಯೋ ಇದೆ. ಕಳಿಸ್ಲಾ?” ಅವನು ಮುಂದಕ್ಕೆ ಬಾಗಿದ. “ಎಲ್ಲಾ ವಿಚಾರಿಸಿದ್ರಿ ದೊಡ್ಡಮ್ಮ. ನರ್ಸು ಯಾರು, ಪಂಪು ಯಾವುದು, ಗೆರೆ ಯಾರದು. ಸತ್ತವರು ಯಾರು ಅಂತ ಕೇಳಿದ್ರಾ?”

“ಗಣಿತದ ಟೀಚರು. ನಿವೃತ್ತರು.”

“ಅಷ್ಟೇನಾ?”

ಫೋನು ತೆಗೆದು ಅವಳ ಮುಂದೆ ಹಿಡಿದ. ಗೆರೆಯ ದೂರುಗಳ ಪುಟದ್ದೇ ಚಿತ್ರ. ಅಳಿಸಿಹೋಗುವ ಮೊದಲು ಇವನು ತೆಗೆದಿಟ್ಟುಕೊಂಡದ್ದು. ಬೈಗುಳಗಳ ನಡುವೆ ಒಂದು ತಣ್ಣಗಿನ ದೂರು: ‘ಆಸ್ಪತ್ರೆಯ ಮಂಚದ ಮೇಲೆ ಮಲಗಿ ಬರೆಯುತ್ತಿದ್ದೇನೆ. ನನ್ನ ಪಕ್ಕದ ಪಂಪಿನ ಪರದೆಯಲ್ಲಿ ಎರಡನೆಯ ಅಂಕಿ ಬೀಳುತ್ತಿಲ್ಲ. ಬದಲಾದ ಜಾಗದ ಅಳತೆ ತಪ್ಪಿರಬೇಕು, ಆ ಲೆಕ್ಕ ನಾನೇ ಬರೆದದ್ದು, ನನಗೆ ಗೊತ್ತು. ನಾಳೆಯೊಳಗೆ ಸರಿಪಡಿಸದಿದ್ದರೆ ಎಲ್ಲರಿಗೂ ತಿಳಿಸುತ್ತೇನೆ. ಗೆರೆ ಯಾರು ಬರೆದದ್ದು ಎಂಬುದನ್ನೂ ಸೇರಿಸಿ.’

ಕೆಳಗೆ ಗಡ್ಡನ ಹೆಸರಿನಲ್ಲಿ ಒಂದೇ ಸಾಲಿನ ಉತ್ತರ: ‘ಪರಿಶೀಲಿಸಿದೆ. ಇಂಥ ದೋಷ ಇಲ್ಲ. ದೂರು ಮುಚ್ಚಲಾಗಿದೆ.’

“ಮಾರನೇ ದಿನ ಆ ಮುದುಕಿ ಸತ್ತಳು,” ಎಂದ ಷಡ್ಡಕ. “ಗೆರೆಯ ಮೊದಲ ಸಾಲು ಬರೆದಿದ್ದು ಅವಳು. ಅಣ್ಣನ ಹೆಸರು ಇಷ್ಟು ದೊಡ್ಡದಾಗಿದೆಯಲ್ಲ, ಆ ಬಣ್ಣವೆಲ್ಲಾ ಅವಳು ಕಲಸಿಕೊಟ್ಟಿದ್ದು.”

“ಇದನ್ನ ಪೊಲೀಸರಿಗೆ ಯಾಕೆ ಕೊಡ್ಲಿಲ್ಲ?”

“ಮನೆಯವರಲ್ವಾ.” ಅವನು ಮತ್ತೆ ಕಿರುಬೆರಳನ್ನು ಬಾಯಿಗಿಟ್ಟ. “ಆಮೇಲೆ, ಯಾವುದು ಯಾವಾಗ ಉಪಯೋಗಕ್ಕೆ ಬರುತ್ತೋ ಯಾರಿಗೆ ಗೊತ್ತು? ನೋಡಿ, ಇವತ್ತು ಬಂತು.”

ಕೊಲೆಯೊಂದನ್ನು ಇವನು ಚಳಿಗಾಲಕ್ಕೆಂದು ಎತ್ತಿಟ್ಟ ಕಂಬಳಿಯ ಹಾಗೆ ಮಡಿಸಿ ಇಟ್ಟುಕೊಂಡಿದ್ದ. ದೊಡ್ಡಮ್ಮ ಆ ಚಿತ್ರವನ್ನು ತನ್ನ ಫೋನಿಗೆ ಕಳಿಸಿಕೊಂಡಳು. ಅವನು ಮರುಮಾತಿಲ್ಲದೆ ಕಳಿಸಿದ. ಅಷ್ಟು ಸುಲಭವಾಗಿ ಕಳಿಸಿದ್ದೂ ಅವಳಿಗೆ ಅಸಹ್ಯವಾಯಿತು.

*

ಹೊರಗೆ ಬಿಸಿಲು ಸುಡುತ್ತಿತ್ತು. ಗೋಡೆಯ ನೆರಳಿಗೆ ಸರಿದು ಮೊದಲು ಆಸ್ಪತ್ರೆಯ ಮುಖ್ಯ ನರ್ಸಿಗೆ ಫೋನ್ ಹಚ್ಚಿದಳು.

“ಸಿಸ್ಟರ್, ನಿಮ್ಮ ವಾರ್ಡಲ್ಲಿ ರೋಗಿಗೆ ಹಚ್ಚದೇ ಇರೋ ಪಂಪು ಯಾವುದಾದ್ರೂ ಇದೆಯಾ? ಐದು ಒತ್ತಿ, ಸೊನ್ನೆ ಒತ್ತಿ. ಏನು ಕಾಣುತ್ತೆ ಹೇಳಿ.”

ಆ ಕಡೆ ಚಪ್ಪಲಿಯ ಸದ್ದು, ಟಿಕ್, ಇನ್ನೊಂದು ಟಿಕ್. ಆಮೇಲೆ, “ಅಯ್ಯೋ ದೇವರೇ!”

“ಎಲ್ಲಾ ತೆಗೆಸಿ. ಬೇರೆ ಆಸ್ಪತ್ರೆಯವರಿಗೂ ನೀವೇ ಹೇಳಿ, ನಿಮ್ಮ ಮಾತು ಕೇಳ್ತಾರೆ.”

“ಈಗ್ಲೇ ತೆಗೆಸ್ತೀನಿ. ಆ ಹುಡುಗಿ ಬಾಯಿ ಬಡ್ಕೊಂಡ್ಲು ದೊಡ್ಡಮ್ಮ, ನಾವ್ಯಾರೂ ನಂಬ್ಲಿಲ್ಲ.”

ಅವಳ ಅಳುವನ್ನು ಕೇಳುವಷ್ಟು ಸಮಯವಿರಲಿಲ್ಲ. ದೊಡ್ಡಮ್ಮ ಫೋನ್ ಇಟ್ಟಳು. ತನ್ನ ಮೇಲೇ ಅವಳಿಗೆ ಹೇಸಿಗೆಯಾಗಿತ್ತು. ಯಂತ್ರದ ಹಿಂದೆ, ಚಿತ್ರದ ಹಿಂದೆ ಓಡಿ, ಸತ್ತ ಹೆಂಗಸನ್ನು ಬರೀ ‘ಟೀಚರು’ ಎಂದು ಬದಿಗೆ ಸರಿಸಿದ್ದಳು. ನರ್ಸಿನ ಮೇಲೆ ಪೊಲೀಸರಿಗೆ ದೂರು ಕೊಟ್ಟವಳು ಟೀಚರ ಮಗಳು. ಅವಳನ್ನು ಒಂದೇ ಸಲ ಭೇಟಿಯಾಗಿ, ನರ್ಸಿನ ಬಗ್ಗೆ ಮಾತ್ರ ಕೇಳಿ ಎದ್ದು ಬಂದಿದ್ದಳು.

ಈಗ ಆ ನಂಬರು ಒತ್ತಿದಳು.

“ಹೇಳಿ ದೊಡ್ಡಮ್ಮ.” ಮಗಳ ದನಿಯಲ್ಲಿ ಮೊದಲಿನ ಸಿಟ್ಟು ಇರಲಿಲ್ಲ, ಸುಸ್ತಿತ್ತು.

“ಒಂದೇ ಮಾತು ಕೇಳ್ತೀನಮ್ಮ. ಅವತ್ತು ನರ್ಸು ಪಂಪು ಹಚ್ಚಿ ಹೋದ ಮೇಲೆ ನಿಮ್ಮ ತಾಯಿ ಹತ್ರ ಯಾರಾದ್ರೂ ಇದ್ರಾ?”

“ನಾನು ಊಟಕ್ಕೆ ಕೆಳಗೆ ಹೋಗಿದ್ದೆ. ಅಮ್ಮನ್ನ ನೋಡೋಕೆ ಬಂದಿದ್ದವರು ಕೂತಿದ್ರು. ನಾನಿರ್ತೀನಿ, ನೀನು ಊಟ ಮಾಡ್ಕೊಂಡು ಬಾ ಅಂದ್ರು. ಪಾಪ, ಅಮ್ಮ ಹೋದಾಗ ನನ್ನ ಜೊತೆ ಅಳ್ತಾ ನಿಂತಿದ್ದವರೂ ಅವರೇ. ಯಾಕೆ?”

“ಗಡ್ಡ ಇದ್ದವರಾ? ಗೆರೆ ಅಂತ ಒಂದು ನಡೆಸ್ತಾರ‍ಲ್ಲ, ಅವರಾ?”

“ಅವರಾ?” ಮಗಳು ನಕ್ಕಳು, ಕಹಿಯಾಗಿ. “ಅವರಿಗೆ ಅಮ್ಮನ ಮುಖ ನೋಡೋ ಧೈರ್ಯ ಎಲ್ಲಿ ಬರ್ಬೇಕು? ಅವರು ಬರ್ಲೇ ಇಲ್ಲ. ಬಂದಿದ್ದು ಅವರ ಹೆಂಡ್ತಿ.”

ದೊಡ್ಡಮ್ಮ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

“ಆಕೆಗೂ ನಿಮ್ಮ ತಾಯಿಗೂ ಹೇಗೆ ಪರಿಚಯ?”

“ಅಮ್ಮನ ಶಿಷ್ಯೆ ಅಲ್ವಾ! ಗಡ್ಡದವರಿಗೆ ಏನು ಬರುತ್ತೆ? ಗೆರೆ ಪೂರ್ತಿ ಬರೆದಿದ್ದು ಇವರಿಬ್ರೇ, ನಮ್ಮನೆ ಊಟದ ಮೇಜಿನ ಮೇಲೆ ಕೂತು. ಆಮೇಲೆ ಏನೋ ಮಾತು ಬಂತು, ಅಮ್ಮನ ಹೆಸರು ತೆಗೆದುಹಾಕಿದ್ರು. ಇವರ ಹೆಸರೂ ಇಲ್ಲ, ಗಂಡನ ಹೆಸರು ಬಂತು. ಇಷ್ಟು ವರ್ಷದ ಮೇಲೆ ಅವತ್ತೇ ಮೊದಲ ಸಲ ಅಮ್ಮನ್ನ ನೋಡೋಕೆ ಬಂದಿದ್ದು. ರಾಜಿ ಆಯ್ತಲ್ಲ ಅಂತ ನನಗೆ ಖುಷಿಯಾಗಿತ್ತು.”

ಗುಟ್ಟಿನ ಪದ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಗಡ್ಡನ ಹೆಸರಿನಲ್ಲಿ ದೂರು ಮುಚ್ಚಿದ ಕೈ ಯಾವುದೆಂದು ದೊಡ್ಡಮ್ಮನಿಗೆ ಈಗ ತಿಳಿಯಿತು. ಊಟ ಮಾಡ್ತಾ ಇದಾಳಾ ಎಂದು ಕೇಳಿದ ಆ ಮೆಲುದನಿ ನೆನಪಾಗಿ ಬಾಯಲ್ಲಿ ಕಹಿನೀರು ಬಂತು. ಉಗುಳಿದಳು.

“ನೋಡಮ್ಮ, ಸರಿಯಾಗಿ ಕೇಳಿಸ್ಕೋ. ನಿಮ್ಮ ತಾಯಿ ಕಂಪ್ಯೂಟರು, ಫೋನು ಏನಿದ್ರೂ ಯಾರ ಕೈಗೂ ಕೊಡ್ಬೇಡ. ಮನೆಗೆ ಯಾರನ್ನೂ ಸೇರಿಸ್ಬೇಡ. ನಾನು ಬರ್ತಾ ಇದೀನಿ.”

ಆ ಕಡೆ ಮಗಳು ಗೊಂದಲದಲ್ಲಿ ನಿಂತಂತಿತ್ತು. ಹಿಂದೆ ಎಲ್ಲೋ ಒಂದು ಕಪಾಟಿನ ಬಾಗಿಲು ಮುಚ್ಚಿದ ಸದ್ದು.

“ಅಯ್ಯೋ, ಅವರು ಇಲ್ಲೇ ಇದಾರಲ್ಲ ದೊಡ್ಡಮ್ಮ! ಈಗಷ್ಟೇ ಬಂದ್ರು. ಅಮ್ಮನ ಲ್ಯಾಪ್‌ಟಾಪು ನೆನಪಿಗೆ ಇಟ್ಕೋತೀನಿ ಅಂತ ಕೇಳಿದ್ರು, ಅದನ್ನೇ ಹುಡುಕ್ತಾ ಇದೀವಿ. ತಡೀರಿ, ಅವರಿಗೇ ಫೋನ್ ಕೊಡ್ತೀನಿ, ನೀವೇ ಮಾತಾಡಿ.”

“ಬೇಡ! ಕೊಡ್ಬೇಡ...”

ಫೋನು ಕೈ ಬದಲಾಯಿತು. ಆ ಕಡೆ ಯಾರೋ ಸಾವಧಾನವಾಗಿ ಉಸಿರಾಡುತ್ತಿದ್ದರು.